ದ್ರಾಕ್ಷಿ ಬಣ್ಣ ನೋಡಿ ಕುಲ ಹೇಳೋ ಕಥೆ

ಶಿರಸಿ ಕಡೆ ಯಾರ ಮನೆಗೆ ಹೋದ್ರೂ ಆಸರಿಗೆ ಅಂತ ಮುರುಗಲು (ಕೋಕಂ) ಪಾನಕ ಕೊಡ್ತಾರೆ. ಅದು ಅಂಗಿ ಮೇಲೆ ಚೆಲ್ಲಿದ್ರೆ ಕೆಂಪು ಕಲೆ, ಸೋಪು ತಾಗಿದ ಕೂಡ್ಲೇ ನೀಲಿ ಹಸಿರಿಗೆ ತಿರುಗತ್ತೆ. ಆ ಬಣ್ಣದ ಹೆಸರು ಆಂಥೋಸಯನಿನ್, ಕಪ್ಪು ದ್ರಾಕ್ಷಿ ಸಿಪ್ಪೇಲಿರೋದೂ ಅದೇ ಕುಟುಂಬದ್ದು. ಮಾಜಾಳಿ ಗೇಟಿನ ಆಚೆ ಗೋವಾದಲ್ಲಿ ಸಿಗೋ ವೈನ್ ಬಾಟ್ಲಿ ಹಿಡ್ಕೊಂಡು ‘ಇದ್ರಲ್ಲಿ ಬರ್ದಿರೋ ದ್ರಾಕ್ಷಿನೇ ಇದ್ಯಾ’ ಅಂತ ಯಾರಾದ್ರೂ ಕೇಳಿದ್ರೆ, ಬಣ್ಣ ಟೆಸ್ಟ್ ಮಾಡ್ಸಿದ್ರೆ ಗೊತ್ತಾಗತ್ತೆ ಅನ್ನೋರು ಇದ್ದೇ ಇರ್ತಾರೆ. ಗೊತ್ತಾಗತ್ತೆ, ಆದ್ರೆ ಅರ್ಧ.

1860ರ ದಶಕದಲ್ಲಿ ಫಿಲಾಕ್ಸೆರಾ ಅನ್ನೋ ಬೇರು ಹುಳ ಫ್ರಾನ್ಸಿನ ತೋಟಗಳನ್ನ ತಿಂದುಹಾಕ್ತು, ರೋಗ ತಡ್ಕೊಳೋ ಅಮೆರಿಕದ ಬಳ್ಳಿ ತಂದು ಕ್ರಾಸ್ ಮಾಡಿದ್ರು, ಆಮೇಲೆ 1934ರಲ್ಲಿ ಅದೇ ಥರದ ಆರು ತಳಿಗಳನ್ನ ಕಾನೂನು ಮಾಡಿ ದೂರ ಇಟ್ರು. ಅದ್ರಲ್ಲಿ ಇಸಾಬೆಲ್ಲಾನೂ ಒಂದು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ಕೂಡ ಅದೇ ಅಮೆರಿಕದ ಬಳಗದ್ದು ಅನ್ನೋದು ನೆನಪಿರ್ಲಿ.

ಕಾನೂನೇನೋ ಬಂತು, ಬಾಟ್ಲಿ ಒಳಗಿರೋದನ್ನ ಪತ್ತೆ ಹಚ್ಚೋದು ಹೆಂಗೆ? 1950ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಪೇಪರ್ ಕ್ರೊಮಾಟೋಗ್ರಫಿ ಹಿಡಿದ್ರು. ನಾವು ಕಾಲೇಜಲ್ಲಿ ಮಾಡಿದ್ದೂ ಅದೇ: ಫಿಲ್ಟರ್ ಪೇಪರ್ ಪಟ್ಟಿ ಮೇಲೆ ರಸದ ಒಂದು ಚುಕ್ಕೆ ಇಟ್ಟು ಖಾಲಿ ಹಾರ್ಲಿಕ್ಸ್ ಬಾಟ್ಲೀಲಿ ನೇತುಹಾಕೋದು, ತಳದ ದ್ರವ ನಿಧಾನಕ್ಕೆ ಮೇಲೇರ್ತಾ ಒಂದೇ ಕಾಣ್ತಿದ್ದ ಬಣ್ಣನ ಬೇರೆ ಬೇರೆ ಪಟ್ಟೆ ಮಾಡತ್ತೆ. ಯುರೋಪಿನ ದ್ರಾಕ್ಷಿಯ ಮುಖ್ಯ ಬಣ್ಣ ಮಾಲ್ವಿಡಿನ್‌ಗೆ ಒಂದೇ ಸಕ್ಕರೆ ಅಂಟಿರತ್ತೆ, ಅಮೆರಿಕದ ಹಲವು ಬಳ್ಳಿಗಳಲ್ಲಿ ಎರಡು. ಎರಡು ಸಕ್ಕರೆದು ಪೇಪರ್ ಮೇಲೆ ಬೇರೆ ಜಾಗದಲ್ಲಿ ನಿಲ್ಲತ್ತೆ, ಯುವಿ ದೀಪ ಹಿಡಿದ್ರೆ ಹೊಳೆಯತ್ತೆ. ವೈನಲ್ಲಿ ಈ ಎರಡು ಸಕ್ಕರೆ ಬಣ್ಣ ಲೀಟರ್‌ಗೆ 15 ಮಿಲಿಗ್ರಾಂ ದಾಟಬಾರ್ದು ಅಂತ ಮಿತಿನೂ ಬಂತು. ಇನ್ನೊಂದು ವಿಷ್ಯ, ಯುರೋಪಿನ ಬಳ್ಳೀಲಿ ಎರಡನೇ ಸಕ್ಕರೆ ಅಂಟಿಸೋ ಜೀನ್ ಕೆಟ್ಟುಹೋಗಿದೆ, ಅಷ್ಟೇ. ಕೆಟ್ಟಿರೋದೇ ಶುದ್ಧ ಅನ್ನೋ ಅಳತೆಗೋಲು!

ಈ ಎರಡು ಸಕ್ಕರೆ ಗುಣ ಅಮೆರಿಕ-ಯುರೋಪ್ ಬಳ್ಳಿಗಳ ಮೊದಲ ಕ್ರಾಸಲ್ಲಿ ಕಾಣತ್ತೆ, ಆ ಮಗಳನ್ನ ಮತ್ತೆ ಯುರೋಪಿನ ಬಳ್ಳಿ ಜೊತೆ ಕೂಡಿಸಿದ್ರೆ ಹುಟ್ಟೋದ್ರಲ್ಲಿ ಸುಮಾರು ಅರ್ಧಕ್ಕೆ ಆ ಪಟ್ಟೆನೇ ಇರಲ್ಲ. ಅಂದ್ರೆ ಪಟ್ಟೆ ಬಂದ್ರೆ ಅಮೆರಿಕದ ರಕ್ತ ಇದೆ, ಬರದಿದ್ರೆ ಇಲ್ಲ ಅಂತ ಹೇಳೋಕಾಗಲ್ಲ. ಈ ಎರಡನೇ ಮಾತನ್ನ ಮಾರೋರೂ ಮರೀತಾರೆ, ಕೊಳ್ಳೋರೂ ಮರೀತಾರೆ.

1970ರ ದಶಕದ ಕೊನೇಲಿ ಎಚ್‌ಪಿಎಲ್‌ಸಿ (ಬಣ್ಣಗಳನ್ನ ಇನ್ನೂ ಸೂಕ್ಷ್ಮವಾಗಿ ಬೇರ್ಪಡಿಸೋ ಯಂತ್ರದ ವಿಧಾನ) ಬಂದ್ಮೇಲೆ ಯುರೋಪಿನ ತಳಿಗಳ ಒಳಗೂ ವ್ಯತ್ಯಾಸ ಕಾಣಿಸ್ತು. ಪಿನೋ ನ್ವಾರ್ ಅನ್ನೋ ತಳೀಲಿ ಐದೇ ಸರಳ ಬಣ್ಣ, ಕ್ಯಾಬರ್ನೆ ಸೊವಿನ್ಯೋನ್ ಅನ್ನೋ ತಳೀಲಿ ಅವಕ್ಕೆ ಅಸಿಟೈಲ್ ಅನ್ನೋ ಸಣ್ಣ ರಾಸಾಯನಿಕ ಬಾಲನೂ ಸೇರ್ಕೊಂಡಿರತ್ತೆ. ವೈನ್ ಹಳೇದಾಗ್ತಾ ಬಣ್ಣ ಟ್ಯಾನಿನ್ (ವೈನಿನ ಒಗರಿನ ಅಂಶ) ಜೊತೆ ಬೆರೆತು ಈ ಗುರುತೂ ಮಸುಕಾಗತ್ತೆ. ಬಳ್ಳಿದಾದ್ರೆ ಈಗ ಡಿಎನ್ಎ ಇದೆ, ಕ್ಯಾಬರ್ನೆ ಸೊವಿನ್ಯೋನ್‌ನ ಅಪ್ಪ ಅಮ್ಮ ಯಾರು ಅಂತ 1997ರಲ್ಲಿ ಅದೇ ಹೇಳಿದ್ದು, ಆದ್ರೆ ಬಾಟ್ಲಿ ವೈನಲ್ಲಿ ಅದು ಚೂರುಚೂರಾಗಿರತ್ತೆ, ಹಂಗಾಗಿ ಬಣ್ಣನ ಇನ್ನೂ ಕೈಬಿಟ್ಟಿಲ್ಲ.

ಬಣ್ಣ ಖಡಕ್ಕಾಗಿ ಉತ್ತರ ಕೊಡೋದು ಕಲಬೆರಕೆ ವಿಷ್ಯದಲ್ಲಿ. ಯುರೋಪಲ್ಲಿ ಬಣ್ಣ ಏರ್ಸೋಕೆ ಎಲ್ಡರ್‌ಬೆರಿ ಅನ್ನೋ ಕಪ್ಪು ಹಣ್ಣಿನ ರಸ ಹಾಕ್ತಿದ್ರು, ಅದ್ರಲ್ಲಿರೋ ಸಾಂಬುಬಯೋಸೈಡ್ ಅನ್ನೋ ಥರದ ಆಂಥೋಸಯನಿನ್ ಬಣ್ಣ ದ್ರಾಕ್ಷೀಲಿ ಇರಲ್ಲ. ನಮ್ಮ ಮುರುಗಲಲ್ಲಿ ಇದೆ. ಯಾರಾದ್ರೂ ವೈನಿಗೆ ಮುರುಗಲು ರಸ ಸುರಿದ್ರೆ ಎಲ್ಡರ್‌ಬೆರಿ ಸಿಕ್ಕಿಬಿದ್ದ ಜಾಗದಲ್ಲೇ ಇದೂ ಸಿಕ್ಕಿಬೀಳತ್ತೆ.