ಬಾಂಡ್ ಪೇಪರಿಗೆ ಸಹಿ ಹಾಕಿಕೊಟ್ಟೆ, ಮಗು ವಾಪಸ್ ಸಿಗುತ್ತಾ?

ಪ್ರಶ್ನೆ: "ಮನೆಯವರು ತೀರಿಕೊಂಡ ಮೇಲೆ ಮಗಳನ್ನು ಮುಂಬಯಿಯ ದಹಿಸರ್‌ನ ನಾದಿನಿ ಮನೆಯಲ್ಲಿ ಬಿಟ್ಟು ಕುಂದಾಪುರಕ್ಕೆ ಬಂದೆ. ‘ಇನ್ನು ಮಗುವಿನ ಮೇಲೆ ನನಗೆ ಹಕ್ಕಿಲ್ಲ’ ಅಂತ ಬಾಂಡ್ ಪೇಪರಿನಲ್ಲಿ ಬರೆಸಿ ಸಹಿ ತಗೊಂಡಿದ್ದಾರೆ, ನೋಟರಿನೂ ಆಗಿದೆ. ಈಗ ಕೆಲಸ ಸಿಕ್ಕಿದೆ. ಅವಳನ್ನು ಕರಕೊಂಡು ಬರಬಹುದಾ?"

ಇಂಥ ಪ್ರಶ್ನೆಗಳಲ್ಲಿ ಊರು ಬದಲಾಗುತ್ತದೆ, ನಾದಿನಿ ಹೋಗಿ ಭಾವ ಬರುತ್ತಾರೆ, ಬಾಂಡ್ ಪೇಪರ್ ಮಾತ್ರ ಪ್ರತಿ ಸಲವೂ ಅದೇ. ಇನ್ನೊಮ್ಮೆ ಹೇಳುತ್ತೇನೆ: ಆ ಕಾಗದದಿಂದ ತಾಯಿಯ ಹಕ್ಕು ಹೋಗುವುದಿಲ್ಲ. 100 ರೂಪಾಯಿಯದಾಗಲಿ, 500ರದಾಗಲಿ, ಸ್ಟ್ಯಾಂಪ್ ಅಂದರೆ ಸರ್ಕಾರಕ್ಕೆ ಕಟ್ಟಿದ ಶುಲ್ಕ, ಅಷ್ಟೇ. ನೋಟರಿಯ ಮೊಹರು ಹೇಳುವುದು ಸಹಿ ನಿಮ್ಮದೇ ಎಂದು. ಒಳಗೆ ಬರೆದದ್ದು ಕಾನೂನಿಗೆ ಸರಿ ಎಂದಲ್ಲ. ಖೋಲಿ, ಗಾಡಿ ಬರೆದುಕೊಟ್ಟ ಹಾಗೆ ಮಗುವನ್ನು ಬರೆದುಕೊಡಲು ಬರುವುದಿಲ್ಲ.

ಇದು ನೂರು ವರ್ಷಕ್ಕೂ ಹಳೆಯ ಮಾತು. 1910ರಲ್ಲಿ, ಮುಂದೆ ತತ್ವಜ್ಞಾನಿಯಾಗಿ ಹೆಸರಾದ ಜಿಡ್ಡು ಕೃಷ್ಣಮೂರ್ತಿಯವರ ತಂದೆ ತನ್ನ ಇಬ್ಬರು ಗಂಡುಮಕ್ಕಳನ್ನು ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್‌ರ ಪಾಲನೆಗೆ ಲಿಖಿತವಾಗಿ ಒಪ್ಪಿಸಿದರು. ಆಮೇಲೆ ಮನಸ್ಸು ಬದಲಾಗಿ ಕೋರ್ಟಿಗೆ ಹೋದರು. ಪೋಷಕತ್ವವೆಂಬುದು ನಂಬಿ ವಹಿಸಿದ ಹೊಣೆ, ಅದನ್ನು ಹಿಂಪಡೆಯಲಾಗದಂತೆ ಇನ್ನೊಬ್ಬರಿಗೆ ದಾಟಿಸಲು ತಂದೆಗೆ ಬರುವುದಿಲ್ಲ ಎಂದು 1914ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಕೋರ್ಟು) ಹೇಳಿತು. ಆದರೂ ತಂದೆ ಸೋತರು! ಹುಡುಗರಿದ್ದದ್ದು ಇಂಗ್ಲೆಂಡಿನಲ್ಲಿ, ದಾವೆ ಹೂಡಿದ್ದು ಮದ್ರಾಸ್ ಹತ್ತಿರದ ಚೆಂಗಲ್ಪಟ್ಟಿನಲ್ಲಿ. ಮಕ್ಕಳ ಇಷ್ಟವನ್ನೂ ಯಾರೂ ಕೇಳಿರಲಿಲ್ಲ. ನೀವು ಹೆದರಬೇಕಾದದ್ದು ಇವೆರಡಕ್ಕೆ, ಬಾಂಡ್ ಪೇಪರಿಗಲ್ಲ.

ಒಂದೇ ಒಂದು ಎಚ್ಚರಿಕೆ. ಇಲ್ಲಿ ಮುಂಬಯಿಯಲ್ಲಿ ಕಾಗದ ಮರಾಠಿಯಲ್ಲಿರುತ್ತದೆ, ಸಹಿ ಕನ್ನಡದಲ್ಲಿ. ಓದಬಲ್ಲವರಿಂದ ಓದಿಸಿ. ‘ಸಾಂಭಾಳ್’ ಎಂದಿದ್ದರೆ ನೋಡಿಕೊಳ್ಳಲು ಬಿಟ್ಟದ್ದು. ‘ದತ್ತಕ್’ ಎಂದಿದ್ದು, ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಗಿದ್ದರೆ ಮಾತು ಬೇರೆ. ಹಿಂದೂ ದತ್ತಕ ಕಾಯ್ದೆ, 1956ರ ಪ್ರಕಾರ ಸರಿಯಾಗಿ ನಡೆದ ದತ್ತು ರದ್ದಾಗುವುದಿಲ್ಲ. ಸರಿಯಾಗಿ ನಡೆದಿದೆಯೇ ಎಂಬುದೇ ಪ್ರಶ್ನೆ. ಮನೆಯಲ್ಲಿ ಮಗಳಿರುವವರು ಇನ್ನೊಬ್ಬಳು ಮಗಳನ್ನು ಆ ಕಾಯ್ದೆಯಡಿ ದತ್ತು ಪಡೆಯಲಾರರು. ಮಗುವಿಗಾಗಿ ದುಡ್ಡು ಕೊಡುವುದು, ತೆಗೆದುಕೊಳ್ಳುವುದು ಅಪರಾಧ.

ಇನ್ನು ಕೆಲಸದ ಮಾತು. ಅರ್ಜಿ ಹಾಕುವುದು ಮಗು ಇರುವ ಊರಿನಲ್ಲಿ, ನೀವಿರುವ ಊರಿನಲ್ಲಲ್ಲ. ಮಗು ದಹಿಸರ್‌ನಲ್ಲಿದ್ದರೆ ಬಾಂದ್ರಾದ ಫ್ಯಾಮಿಲಿ ಕೋರ್ಟು; 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 25ನೇ ಕಲಂ, ಅಂದರೆ ಮಗುವನ್ನು ಪೋಷಕರ ವಶಕ್ಕೆ ಮರಳಿಸುವ ಕಲಂ. ಅಂತಿಮ ತೀರ್ಪಿಗೆ ಕಾಯದೆ, ವಾರಕ್ಕೊಮ್ಮೆಯಾದರೂ ಭೇಟಿ ಬೇಕೆಂದು ಮಧ್ಯಂತರ ಅರ್ಜಿಯನ್ನೂ ಜೊತೆಗೇ ಹಾಕಿ. ಜನನ ಪ್ರಮಾಣಪತ್ರ, ಪತಿಯ ಮರಣ ಪ್ರಮಾಣಪತ್ರ, ಸಂಬಳದ ಚೀಟಿ, ಮನೆಯ ಬಾಡಿಗೆ ಕರಾರು, ಮಗುವಿಗೆ ಸೀಟು ಸಿಗುವ ಶಾಲೆಯ ಪತ್ರ ಇರಲಿ. ಎಲ್ಲಕ್ಕಿಂತ ಮುಖ್ಯ, ನಾದಿನಿಗೆ ತಿಂಗಳು ತಿಂಗಳು ಕಳಿಸಿದ ದುಡ್ಡಿನ ಬ್ಯಾಂಕ್ ಎಂಟ್ರಿ. ಕೈಗೆ ಕೊಟ್ಟದ್ದಕ್ಕೆ ಲೆಕ್ಕ ಎಲ್ಲಿಂದ ತರುತ್ತೀರಿ? ವಕೀಲರ ಫೀಸಿಗೆ ಅಂಜಬೇಡಿ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು, ಫೋನ್ 15100. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು ಮಗುವನ್ನು ಎತ್ತಿಕೊಂಡು ಹೋಗುವ ಸಾಹಸ ಮಾತ್ರ ಬೇಡ. ಗಟ್ಟಿಯಿದ್ದ ಕೇಸು ಅಲ್ಲೇ ಮೆತ್ತಗಾಗುತ್ತದೆ.

ಕೋರ್ಟು ನೋಡುವುದು ಮಗುವಿನ ಹಿತ. ತಿಳಿವಳಿಕೆ ಬಂದ ಮಗುವಾದರೆ ಜಡ್ಜ್ ಒಳಗೆ ಕೂರಿಸಿಕೊಂಡು ಕೇಳುತ್ತಾರೆ. ಐದಾರು ವರ್ಷ ಅತ್ತೆ ಮನೆಯಲ್ಲೇ ಬೆಳೆದವಳು "ಅಮ್ಮ ಯಾರು?" ಅಂದರೆ ಯಾವ ಕಲಮೂ ಸುಲಭವಾಗಿ ಕೈಹಿಡಿಯದು. ಹಾಗೆಂದು ಸಾಕಿದವರದೇ ಮೇಲುಗೈ ಅಂತಲೂ ಅಲ್ಲ. ಬಾಂಬೆ ಹೈಕೋರ್ಟಿನಿಂದ ಹೋದ ಪ್ರಕರಣವೊಂದರಲ್ಲಿ, ತೀರಿಕೊಂಡ ತಾಯಿಯ ಕಡೆಯವರು ಸಾಕುತ್ತಿದ್ದ ಎಳೆಗೂಸನ್ನು 2019ರಲ್ಲಿ ಸುಪ್ರೀಂ ಕೋರ್ಟ್ ತಂದೆಗೇ ಕೊಡಿಸಿತು. ಡೈವೋರ್ಸಿನಲ್ಲಿ "ಮಗು ಅವರ ಬಳಿಯೇ ಇರಲಿ" ಎಂದು ಒಪ್ಪಿದವರೂ ತಿಳಿದಿರಲಿ, ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೊರೆದದ್ದಲ್ಲ, ಪರಿಸ್ಥಿತಿ ಬದಲಾದರೆ ಬದಲಿಸಬಹುದು.

ನಿಜವಾಗಿ ಹಕ್ಕು ಹೋಗುವ ಸಹಿ ಬೇರೆಯೇ ಇದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಎದುರು, ಕೌನ್ಸೆಲಿಂಗ್ ಆದ ಮೇಲೆ ಹಾಕುವ ಸರೆಂಡರ್ ಡೀಡ್, ಅಂದರೆ ಮಗುವನ್ನು ಬಿಟ್ಟುಕೊಡುವ ಪತ್ರ. ಮನಸ್ಸು ಬದಲಿಸಲು ಅಲ್ಲಿ 2 ತಿಂಗಳ ಗಡುವು. ಅಷ್ಟರೊಳಗೆ ಸಮಿತಿಗೇ ಹೋಗಿ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಗು ಇರುವ ಸಂಸ್ಥೆಯ ಆಯಾ ಬಳಿ ಅತ್ತು ಬಂದರೆ ದಾಖಲೆಯಾಗುವುದಿಲ್ಲ. ಗಡುವು ಮುಗಿದ ಮೇಲೆ ಮಗು ದತ್ತುವಿಗೆ ಮುಕ್ತ ಎಂದು ಸಮಿತಿ ಘೋಷಿಸುತ್ತದೆ. ಜಿಲ್ಲಾಧಿಕಾರಿಯ ದತ್ತು ಆದೇಶವಾದರೆ ಅಲ್ಲಿಗೆ ಮುಗಿಯಿತು.

ಕೇಳದೆ ಬಿಟ್ಟ ಪ್ರಶ್ನೆಯೂ ಒಂದಿದೆ: ಹಾಗೆ ಕೊಟ್ಟ ಮಗು ಮುಂದೆ ಹುಡುಕಿಕೊಂಡು ಬಂದರೆ? ಬರಬಹುದು. 18 ತುಂಬಿದ ಮೇಲೆ ತಾನೇ ಅರ್ಜಿ ಕೊಟ್ಟು ತನ್ನ ಮೂಲ ಕೇಳಲು ದತ್ತು ನಿಯಮಗಳಲ್ಲಿ ಅವಕಾಶವಿದೆ. "ನನ್ನ ಗುರುತು ಹೇಳಬೇಡಿ" ಎಂದು ಸರೆಂಡರ್ ಹೊತ್ತಿಗೆ ಬರೆಸಿದ್ದರೆ ಮಾತ್ರ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೇಳಲು ದತ್ತು ಸಂಸ್ಥೆ ಅಥವಾ ಸಮಿತಿಯವರು ಬರುವುದು ಕಡತದಲ್ಲಿರುವ ವಿಳಾಸಕ್ಕೆ, ಅಂದರೆ ನೀವು ಎಂದೋ ಖಾಲಿ ಮಾಡಿದ ಚಾಳಿನ ಖೋಲಿಗೆ.