ಪೇಂಟ್ ಹೊಡೆಸದ ಕಾರು

ಕಳೆದ ವಾರ ಬೀದರಿನ ಒಂದು ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ಪರಿಚಯದ ಮಿಸ್ತ್ರಿ ಮೊಬೈಲ್ ತಂದು ತೋರಿಸಿದರು. ಹೊರದೇಶದ ಒಂದು ಮ್ಯೂಸಿಯಂ ತನ್ನ ಸಂಗ್ರಹದ ಹಳೇ ಸೆಡಾನನ್ನು ಮಾರಾಟಕ್ಕೆ ಇಟ್ಟಿತ್ತು. ಬಣ್ಣ ಮಾಸಿದೆ, ಸೀಟಿನ ಬಟ್ಟೆ ಸವೆದಿದೆ, ಬಂಪರ್ ತುಂಬ ತುಕ್ಕಿನ ಚುಕ್ಕೆ. ರಿಪೇರಿ ಮಾಡಿಸಿಲ್ಲ ಅನ್ನೋದನ್ನೇ ಹೆಮ್ಮೆಯಿಂದ ದೊಡ್ಡದಾಗಿ ಹಾಕಿದ್ದರು.

“ಅಣ್ಣಾರ, ಒಂದು ಕೋಟ್ ಪೇಂಟ್ ಹೊಡೆಸಿ ಮಾರಿದ್ರ ಇನ್ನೂ ಜಾಸ್ತಿ ರೊಕ್ಕ ಬರ್ತಿತ್ತಲ್ರಿ?” ಎಂದು ಅವರು ಕೇಳಿದರು.

ನ್ಯಾಯವಾದ ಪ್ರಶ್ನೆ. ಒಂದು ಕಾಲದಲ್ಲಿ ಕಾರು ಸಂಗ್ರಹಿಸುವವರೆಲ್ಲ ಹೀಗೇ ಯೋಚಿಸುತ್ತಿದ್ದರು. ಹಳೇ ಕಾರು ಸಿಕ್ಕರೆ ಪೂರ್ತಿ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು, ಶೋರೂಮಿನಿಂದ ಬಂದದ್ದಕ್ಕಿಂತ ಜಾಸ್ತಿ ಹೊಳೆಯುವಂತೆ ಮಾಡುತ್ತಿದ್ದರು. ಅಮೆರಿಕದ ರೀನೋ ಊರಿನಲ್ಲಿ ಕ್ಯಾಸಿನೊ ನಡೆಸುತ್ತಿದ್ದ ವಿಲಿಯಂ ಹಾರಾ ಅವರು ಇದಕ್ಕಾಗಿಯೇ ದೊಡ್ಡ ವರ್ಕ್‌ಶಾಪ್ ಇಟ್ಟಿದ್ದರು. 1978ರಲ್ಲಿ ಅವರು ತೀರಿಕೊಂಡಾಗ ಸಂಗ್ರಹದಲ್ಲಿ ಸುಮಾರು 1,400 ವಾಹನಗಳಿದ್ದವು. 1980ರ ದಶಕದಲ್ಲಿ ಅದರ ಬಹುಪಾಲು ಹರಾಜಾಯಿತು. ಉಳಿದ ಒಂದಿಷ್ಟು ಕಾರುಗಳಿಂದ ಅದೇ ಊರಲ್ಲಿ ಮ್ಯೂಸಿಯಂ ಆಯಿತು. ಮ್ಯೂಸಿಯಂ ಕಾರು ಮಾರುವುದು ಹೊಸದೇನಲ್ಲ. ಜಾಗ ಸಾಲುವುದಿಲ್ಲ, ಒಂದೇ ಥರದ ಎರಡು ಕಾರು ಇರುತ್ತವೆ, ಕಟ್ಟಡದ ಖರ್ಚಿಗೆ ದುಡ್ಡು ಬೇಕಾಗುತ್ತದೆ.

ಹಾಗಾದರೆ ರಿಪೇರಿ, ಬಣ್ಣ ಅಂತ ಯಾರೂ ಮುಟ್ಟದ ಕಾರಿಗೆ ಬೆಲೆ ಬಂದದ್ದು ಯಾಕೆ? ಬೀದರಿನವರಿಗೆ ಇದನ್ನು ಹೇಳುವುದು ಸುಲಭ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ನಮ್ಮೂರ ಮದರಸಾ ನೋಡಿ. 1472ರಲ್ಲಿ ಕಟ್ಟಿದ್ದು. 17ನೇ ಶತಮಾನದ ಕೊನೆಗೆ ಸಿಡಿಮದ್ದು ಸ್ಫೋಟಗೊಂಡು ಮುಂಭಾಗದ ಒಂದು ಪಾಲು ಕುಸಿಯಿತು. ಇವತ್ತಿಗೂ ಅಲ್ಲಿ ಇರುವುದು ಒಂದೇ ಮಿನಾರು. ಗೋಡೆಯ ಮೇಲೆ ಅಲ್ಲಲ್ಲಿ ನೀಲಿ, ಹಸಿರು ಹೆಂಚು ಉಳಿದಿವೆ. ಬಿದ್ದ ಮಿನಾರನ್ನು ಯಾರೂ ಮತ್ತೆ ಎತ್ತಿ ನಿಲ್ಲಿಸಿಲ್ಲ. ನಿಲ್ಲಿಸಿದ್ದರೆ ಅದು ನಮ್ಮ ಕಾಲದ ಗಾರೆ ಕೆಲಸ ಆಗುತ್ತಿತ್ತು, ಗವಾನರ ಕಾಲದ್ದಾಗುತ್ತಿರಲಿಲ್ಲ, ಅಲ್ವಾ?

ಸ್ಮಾರಕಗಳ ಬಗೆಗಿನ ಈ ಯೋಚನೆಯನ್ನು 1964ರಲ್ಲಿ ವೆನಿಸ್ ಚಾರ್ಟರ್ ಹೆಸರಲ್ಲಿ ಬರೆದಿಟ್ಟರು. ಉಳಿದಿರುವುದನ್ನು ಕಾಪಾಡಿ, ಊಹೆ ಮಾಡಿ ಹೊಸದಾಗಿ ಕಟ್ಟಬೇಡಿ ಎನ್ನುವುದು ಅದರ ತಿರುಳು. ಸುಮಾರು ಐವತ್ತು ವರ್ಷದ ಮೇಲೆ ಅದೇ ಮಾತು ಕಾರಿಗೂ ಬಂತು. ಹಳೇ ವಾಹನಗಳ ಜಾಗತಿಕ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿಕೊಂಡ ಟುರಿನ್ ಚಾರ್ಟರ್ ಹುಟ್ಟಿದ್ದು ಈ ವೆನಿಸ್ ಚಾರ್ಟರಿನ ದಾರಿಯಲ್ಲೇ.

ಕಾರಿನ ಮಂದಿ ಅದಕ್ಕೂ ಮೊದಲೇ ಬದಲಾಗತೊಡಗಿದ್ದರು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ಕಾರುಗಳ ಸೌಂದರ್ಯ ಸ್ಪರ್ಧೆ ನಡೆಯುತ್ತಿದೆ. ಮುಟ್ಟದೆ ಉಳಿಸಿಕೊಂಡ ಕಾರುಗಳಿಗೆ ಅಲ್ಲಿ 2001ರಲ್ಲಿ ಬೇರೆ ವಿಭಾಗ ಬಂತು. ಆದರೂ ದೊಡ್ಡ ಪ್ರಶಸ್ತಿ ಹೊಳೆಯುವ ಕಾರಿಗೇ ಹೋಗುತ್ತಿತ್ತು. 2024ರಲ್ಲಿ ಮೊದಲ ಸಲ ಅದು ಮುಟ್ಟದೆ ಉಳಿಸಿದ ಕಾರಿಗೆ ಸಿಕ್ಕಿತು. ಅದು 1934ರ ಬುಗಾಟಿ ಟೈಪ್ 59 ಎಂಬ ರೇಸ್ ಕಾರು, ಒಮ್ಮೆ ಬೆಲ್ಜಿಯಂ ರಾಜನ ಬಳಿ ಇದ್ದದ್ದು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಬಣ್ಣದಲ್ಲಿ ಅಂಥದ್ದೇನಿದೆ ಅಂತ ಕೇಳಬಹುದು. ನಮ್ಮ ಮಿಸ್ತ್ರಿಗಳು ಇವತ್ತಿಗೂ ‘ಡ್ಯೂಕೊ’ ಅನ್ನುತ್ತಾರಲ್ಲ, ಅದು ಅಮೆರಿಕದ ಡುಪಾಂಟ್ ಕಂಪನಿಯ ಒಂದು ಬಣ್ಣದ ಹೆಸರು. ಅದಕ್ಕೂ ಮೊದಲು ಕಾರಿಗೆ ಬ್ರಷ್‌ನಿಂದ ವಾರ್ನಿಶ್ ಹಚ್ಚಿ ವಾರಗಟ್ಟಲೆ ಒಣಗಿಸಬೇಕಿತ್ತು. 1920ರ ದಶಕದಲ್ಲಿ ಡ್ಯೂಕೊ ಬಂದ ಮೇಲೆ ಬಣ್ಣ ಬೇಗ ಒಣಗಿತು, ಕಾರ್ಖಾನೆ ಜೋರಾಗಿ ಓಡಿತು. ಹಾಗಾಗಿ ಒಂದು ಹಳೇ ಕಾರಿನ ಬಣ್ಣದ ಪದರದಲ್ಲಿ ಆ ಕಾರ್ಖಾನೆಯ ಕೆಲಸದ ರೀತಿಯೇ ಇರುತ್ತದೆ. ಹೊಲಿಗೆಯ ನೂಲು, ಬಾನೆಟ್ ಒಳಗಿನ ಚೀಟಿ, ಸ್ಕ್ರೂ ತಲೆ ಎಲ್ಲಕ್ಕೂ ಇದೇ ಮಾತು. ಒಮ್ಮೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಮುಗಿಯಿತು. ಮುಂದೆ ಎಷ್ಟೇ ಚೆನ್ನಾಗಿ ಹೊಡೆಸಿದರೂ ಅದು ಹೊಸ ಬಣ್ಣ.

ನಮ್ಮಲ್ಲಿಯೂ ಇಂಥ ಕಾರುಗಳಿಗೆ ಬರವಿರಲಿಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈನ ಶಿವಡಿಯಲ್ಲಿ ಕಾರು ಜೋಡಿಸಲು ಶುರು ಮಾಡಿತ್ತು. ಬೀದರ, ಕಲಬುರಗಿ ಆಗ ನಿಜಾಮರ ರಾಜ್ಯದಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಈಗ ಬೀದರಿನ ಗಾಡಿಗೆ ಕೆಎ 38. ನಿಜಾಮರ ಕಾಲದ ಗಾಡಿಯ ಕಾಗದ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಎಸೆಯಬೇಡಿ. ಕರಾವಳಿಯಂಥ ಉಪ್ಪಿನ ಗಾಳಿ ಇಲ್ಲದ ಊರು ನಮ್ಮದು, ತಗಡು ಬೇಗ ತಿಂದುಹೋಗುವುದಿಲ್ಲ. ಗಾಡಿಗಳು ಹೋದದ್ದು ಜಾಸ್ತಿ ಗುಜರಿಗೆ, ಇಲ್ಲವೇ ಬಣ್ಣಕ್ಕೂ ಮೊದಲು ತಗ್ಗು ಮುಚ್ಚಲು ಮೆತ್ತುವ ಪುಟ್ಟಿಯ ಕೆಳಗೆ.

ಕಾನೂನೂ ಈಗ ಇದೇ ಕಡೆ ವಾಲಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ (ಗಾಡಿಯ ಅಡಿಚೌಕಟ್ಟು), ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ದಿನದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದು. ಮಾರುವುದಕ್ಕೂ ಅವಕಾಶವಿದೆ.

‘ಮುಟ್ಟಿಲ್ಲ’ ಅಂತ ಮಾರುವವರು ಹೇಳಿದರೆ ಸುಮ್ನೆ ನಂಬಬೇಕಿಲ್ಲ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ತಗಡಿನ ಮೇಲೆ ಆಡಿಸಿ. ಪುಟ್ಟಿ ದಪ್ಪ ಇದ್ದ ಕಡೆ ಅದು ಹಿಡಿಯುವುದಿಲ್ಲ. ಆಮೇಲೆ ಬಾಗಿಲ ಒಳಅಂಚು, ಡಿಕ್ಕಿಯ ಮೂಲೆ ನೋಡಿ. ಪೇಂಟ್ ಹೊಡೆಯುವವರ ಕೈ ಅಲ್ಲಿಗೆ ಹೋಗುವುದು ಕಡಿಮೆ.

ಇದು ನನಗೆ ಗೊತ್ತಾದದ್ದು ನಮ್ಮ ಮಾಮಾನ ಫಿಯೆಟ್ 1100ರಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಅದನ್ನು ಪ್ರೀತಿಯಿಂದ ಗ್ಯಾರೇಜಿಗೆ ಬಿಟ್ಟು ಕೆಂಪು ಬಣ್ಣ ಹೊಡೆಸಿದರು. ಹಳೇ ಸೀಟು ಕಿತ್ತು ರೆಕ್ಸಿನ್ ಹಾಕಿಸಿದರು. ಮುಂದಿನ ಬ್ಯಾಡ್ಜ್ ಗ್ಯಾರೇಜಿನಲ್ಲೇ ಕಳೆದುಹೋಯಿತು. ಓಣಿಯವರೆಲ್ಲ ಬಂದು ನೋಡಿ ಹೊಗಳಿದ್ದೆವು. ಹೋದ ದೀಪಾವಳಿಗೆ ಡಿಕ್ಕಿ ಎತ್ತಿ ಸ್ಟೆಪ್ನಿ ಸರಿಸಿದಾಗ ಅದರ ಹಿಂದೆ ಅಂಗೈಯಗಲದಷ್ಟು ಹಳೇ ಬೂದು ಬಣ್ಣ ಕಂಡಿತು. ಮಾಮಾ ಧೋತರದ ಚುಂಗಿನಿಂದ ಧೂಳು ಒರೆಸಿ, ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತರು.