ಮನೆಯಲ್ಲಿ ಸರಿಯಾಗಿ ಬರುವ ಹಾಡು ಮೈಕಿನ ಮುಂದೆ ಯಾಕೆ ಕೆಡುತ್ತದೆ?

ಪ್ರಶ್ನೆ: ಉಡುಪಿ ಹತ್ತಿರದ ನಮ್ಮೂರಿನ ಗಣೇಶೋತ್ಸವದಲ್ಲಿ ಪ್ರತಿವರ್ಷ ಒಂದು ಭಾವಗೀತೆ ಹಾಡುತ್ತೇನೆ. ಮನೆಯಲ್ಲಿ ಶ್ರುತಿ, ತಾಳ ಎಲ್ಲ ಸರಿ ಇರುತ್ತದೆ. ವೇದಿಕೆಯಲ್ಲಿ ಮಾತ್ರ ಚರಣಕ್ಕೆ ಬರುವಾಗ ದನಿ ಕಟ್ಟುತ್ತದೆ, ಶ್ರುತಿ ಜಾರುತ್ತದೆ. ಸಭಾಕಂಪನ ಹೋಗಲು ಏನು ಮಾಡಬೇಕು?

ಉತ್ತರ: ಸಭಾಕಂಪನವನ್ನು ಸದ್ಯ ಬದಿಗಿಡೋಣ. ಚರಣದಲ್ಲಿ ದನಿ ಕಟ್ಟುತ್ತದೆ ಎಂದು ನೀವೇ ಬರೆದಿದ್ದೀರಿ. ಬರೀ ಹೆದರಿಕೆಯಾಗಿದ್ದರೆ ಪಲ್ಲವಿಯಲ್ಲೇ ಕಾಡಬೇಕಿತ್ತು. ಹೆಚ್ಚಿನವರಿಗೆ ಆಗುವುದು ಹೀಗೆ: ಎದೆಬಡಿತ ಏರಿದಾಗ ಹಾಡನ್ನು ಅರಿವಿಲ್ಲದೆ ಮೇಲಿನ ಶ್ರುತಿಯಲ್ಲಿ, ಓಡುವ ನಡೆಯಲ್ಲಿ ಎತ್ತಿಕೊಳ್ಳುತ್ತಾರೆ. ಪಲ್ಲವಿ ಮಧ್ಯ ಸ್ಥಾಯಿಯಲ್ಲೇ, ಅಂದರೆ ದನಿಯ ನಡುವಿನ ಎತ್ತರದಲ್ಲೇ, ಸುತ್ತುತ್ತದೆ, ಹೇಗೋ ಸುಧಾರಿಸುತ್ತದೆ. ಚರಣ ತಾರ ಷಡ್ಜ (ಮೇಲಿನ ಸ) ದಾಟುವಾಗ ಬಣ್ಣ ಬಯಲಾಗುತ್ತದೆ.

ಹಾಗಾಗಿ ಶ್ರುತಿ ಗೊತ್ತುಮಾಡುವ ಕೆಲಸ ಚರಣದಿಂದ ಶುರುವಾಗಲಿ. ಇಡೀ ಹಾಡಿನ ಅತಿ ಎತ್ತರದ ಸ್ವರ ಯಾವ ಪದದ ಮೇಲೆ ಬರುತ್ತದೆ ನೋಡಿ. ಆ ಸಾಲನ್ನು ಒಂದರ ಹಿಂದೆ ಒಂದರಂತೆ ಮೂರು ಸಲ ಹಾಡಿ. ಮೂರನೆಯ ಸಲವೂ ಕುತ್ತಿಗೆಯ ನರ ಉಬ್ಬದೆ ಬಂದರೆ ಶ್ರುತಿ ಸರಿಯಿದೆ. ಇಲ್ಲವಾದರೆ ಅರ್ಧ ಸ್ವರ ಇಳಿಸಿ. ತಂಬೂರ ಆ್ಯಪ್‌ನಲ್ಲಿ 'ಡಿ' ಇದ್ದರೆ 'ಸಿ ಶಾರ್ಪ್' ಮಾಡಿ; ಹಾರ್ಮೋನಿಯಂನವರ ಲೆಕ್ಕದಲ್ಲಿ ಬಿಳಿ ಎರಡರಿಂದ ಕಪ್ಪು ಒಂದಕ್ಕೆ. ಅದನ್ನು ಸಾಹಿತ್ಯದ ಹಾಳೆಯ ತಲೆಯಲ್ಲೇ ಬರೆದಿಡಿ. ವೇದಿಕೆಯಲ್ಲಿ ಕೂತ ಮೇಲೆ "ನೀವೇ ಯಾವುದಾದರೂ ಹಿಡೀರಿ" ಎನ್ನುವುದು ಕೈಯಾರೆ ತಂದುಕೊಳ್ಳುವ ತೊಂದರೆ. ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ವಾದ್ಯಸಂಗೀತ) ಹಾಕಿ ಹಾಡುವವರು ಆ್ಯಪ್‌ನಲ್ಲಿ ಶ್ರುತಿ ಬದಲಿಸಬಹುದು, ಆದರೆ ಮೂರು-ನಾಲ್ಕು ಅರ್ಧ ಸ್ವರಕ್ಕಿಂತ ಹೆಚ್ಚು ಸರಿಸಿದರೆ ವಾದ್ಯಗಳ ದನಿಯೇ ವಿಕಾರವಾಗುತ್ತದೆ.

ಎರಡನೆಯ ತೊಂದರೆ ಕಿವಿಯದು. ಮನೆಯ ಗೋಡೆಗಳು ನಿಮ್ಮ ದನಿಯನ್ನು ನಿಮಗೇ ಮರಳಿಸುತ್ತವೆ. ಮಂಗಳೂರು ಪುರಭವನದಂಥ ಮುಚ್ಚಿದ ಸಭಾಂಗಣದಲ್ಲೂ ಸ್ವಲ್ಪ ಮರಳುತ್ತದೆ. ಚೌತಿಯ ಚಪ್ಪರದಲ್ಲಿ ಹಾಗಿಲ್ಲ. ದನಿ ಬಯಲಿಗೆ ಹೋಗುತ್ತದೆ, ಮಳೆ ಬಂತೆಂದರೆ ಶೀಟಿನ ಸದ್ದು ಉಳಿದದ್ದನ್ನೂ ನುಂಗುತ್ತದೆ. ತನ್ನ ದನಿ ತನಗೆ ಕೇಳದವರು ಕಿರುಚುತ್ತಾರೆ, ಕಿರುಚಿದಾಗ ಶ್ರುತಿ ಜಾರುತ್ತದೆ. ಸೌಂಡ್‌ನವರ ಹತ್ತಿರ ಮೊದಲೇ ಹೋಗಿ, "ಮಾನಿಟರ್‌ನಲ್ಲಿ ನನ್ನ ದನಿ, ಶ್ರುತಿ ಎರಡೂ ಕೊಡಿ, ಎಕೋ ಕಡಿಮೆ ಇರಲಿ" ಎಂದು ಕೇಳಿ. ಮಾನಿಟರ್ ಎಂದರೆ ಹಾಡುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್; ಅದು ಇಲ್ಲವೇ ಇಲ್ಲ ಎಂದಾದರೆ ಒಂದು ಕಿವಿಯನ್ನು ಬೆರಳಿನಿಂದ ಹಗುರಾಗಿ ಮುಚ್ಚಿಕೊಳ್ಳಿ, ಒಳಗಿನಿಂದ ದನಿ ಕೇಳುತ್ತದೆ. ರಸ್ತೆಯುದ್ದಕ್ಕೂ ಕಟ್ಟಿದ ದೂರದ ಸ್ಪೀಕರ್ ಕಡೆಗೆ ಮಾತ್ರ ಕಿವಿ ಕೊಡಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ 34 ಮೀಟರ್ ಆಚೆಯ ಸ್ಪೀಕರಿನ ದನಿ ನಿಮ್ಮನ್ನು ಮುಟ್ಟುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿರುತ್ತದೆ. ಅದನ್ನು ನೆಚ್ಚಿ ಹಾಡಿದರೆ ತಬಲಾದವರು ಮುಂದೆ, ನೀವು ಹಿಂದೆ.

ಇನ್ನು ಮೈಕ್. ತುಟಿಗೂ ಮೈಕಿಗೂ ನಾಲ್ಕು ಬೆರಳು ಅಂತರವಿರಲಿ, ತಾರ ಸ್ಥಾಯಿಗೆ ಏರುವಾಗ ಅದರ ಎರಡರಷ್ಟು ಹಿಂದೆ ಸರಿಸಿ. ತೀರಾ ಹತ್ತಿರ ಹಿಡಿದರೆ ದನಿಯ ತಗ್ಗು ಭಾಗ ಉಬ್ಬಿ ಸಾಹಿತ್ಯ ಮಂಕಾಗುತ್ತದೆ. ಜಾಳಿಯ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಚಟ ಬಿಡಬೇಕು. ಹಿಂದಿನ ಸದ್ದನ್ನು ತಡೆಯುವ ರಂಧ್ರಗಳು ಅಲ್ಲೇ ಇರುತ್ತವೆ, ಅವು ಮುಚ್ಚಿದರೆ ಮಾನಿಟರಿನ ಸದ್ದು ಮೈಕಿಗೆ ನುಗ್ಗಿ ಕೂಯ್ ಎನ್ನುತ್ತದೆ. ಕನ್ನಡದ ಹಾಡಿಗೆ ಇನ್ನೊಂದು ಫಜೀತಿಯಿದೆ: ಭ, ಫ, ಧಗಳಿಗೆ ಉಸಿರು ಬೇಕು, ಆ ಉಸಿರು ಮೈಕಿಗೆ ಬಡಿದರೆ ಡಬ್ ಎನ್ನುತ್ತದೆ. ಹಾಗೆಂದು ಉಸಿರು ತೆಗೆದರೆ ಭಾವ ಹೋಗಿ 'ಬಾವ' ಬಂದು ಕೂರುತ್ತಾನೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ ಗಲ್ಲದ ಕಡೆಯಿಂದ 45 ಡಿಗ್ರಿ ಓರೆ ಹಿಡಿದರೆ ಮಹಾಪ್ರಾಣವೂ ಉಳಿಯುತ್ತದೆ, ಡಬ್ಬೂ ಇಲ್ಲ. ಸೆಕೆ ಎಂದು ಪಕ್ಕದಲ್ಲಿ ಫ್ಯಾನ್ ಇಟ್ಟಿದ್ದರೆ ಅದು ಬೆನ್ನಿಗೆ ಬೀಸಲಿ; ಮುಖಕ್ಕೆ ಬೀಸಿದರೆ ಗಂಟಲೂ ಒಣಗುತ್ತದೆ, ಮೈಕೂ ಗುಂಯ್‌ಗುಡುತ್ತದೆ.

ಉಸಿರು ಎಲ್ಲಿ ತೆಗೆಯಬೇಕೆಂದು ಪೆನ್ಸಿಲ್ ಗೆರೆ ಹಾಕಿಕೊಳ್ಳಿ. ಉದಾಹರಣೆಗೆ ಇಲ್ಲಿಗೆಂದೇ ಕಟ್ಟಿದ ಒಂದು ಸಾಲು: "ಕಡಲ ತಡಿಯ ಮರಳಿನಲ್ಲಿ ಬರೆದ ಹೆಸರು ಅಳಿಯದು". ಗೆರೆ 'ಮರಳಿನಲ್ಲಿ' ಆದಮೇಲೆ. ಅಲ್ಲಿ ಉಸಿರು ತೆಗೆಯದೆ ಮುಂದೆ ಹೋದವರಿಗೆ ಕೊನೆಯ ಪದದಲ್ಲಿ ಉಸಿರು ಸಾಲದೆ 'ಅಳಿಯ... ದು' ಎಂದಾಗುತ್ತದೆ. ಬಾವನ ಜೊತೆ ಅಳಿಯನೂ ವೇದಿಕೆ ಹತ್ತಿದ ಹಾಗೆ!

ಕೊನೆಯ ಒಂದು ವಾರ ನಿಂತೇ ಅಭ್ಯಾಸ ಮಾಡಿ, ಕೈಯಲ್ಲಿ ಮೈಕಿನ ಬದಲು ಟಾರ್ಚೋ ಸೌಟೋ ಇರಲಿ. ದಿನಕ್ಕೊಮ್ಮೆ ಮನೆಯ ಮೆಟ್ಟಿಲು ಎರಡು ಸಲ ಹತ್ತಿ ಇಳಿದು, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಹಾಡು ಎತ್ತಿ. ವೇದಿಕೆಯಲ್ಲಿ ಆಗುವ ಏದುಸಿರಿನ ಪರಿಚಯ ದೇಹಕ್ಕೆ ಹೀಗೆ ಆಗುತ್ತದೆ. ಮೂರು ಮೀಟರ್ ದೂರದಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿ, ಮರುದಿನ ಕೇಳಿ. ಆಗಲೇ ಕೇಳಿದರೆ ತಪ್ಪು ಅಷ್ಟಾಗಿ ಕಾಣಿಸುವುದಿಲ್ಲ.

ಹಾಡುವ ದಿನ ಊಟ ಎರಡು ಗಂಟೆ ಮೊದಲೇ ಮುಗಿಯಲಿ. ಗಡ್‌ಬಡ್ ಐಸ್‌ಕ್ರೀಂ ಕಾರ್ಯಕ್ರಮ ಮುಗಿದ ಮೇಲೆ. ಕಲ್ಲುಸಕ್ಕರೆ, ಶುಂಠಿ ಬಾಯಿಗೆ ಹಿತವೇ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಬೆಳಗ್ಗಿನಿಂದ ಆಗಾಗ ಕುಡಿದ ನೀರೇ ಅವುಗಳಿಗೆ ಆಧಾರ. ಸರದಿಗೆ ಹತ್ತು ನಿಮಿಷ ಮುಂಚೆ ಬಾಯಿ ಮುಚ್ಚಿ ಸ-ಪ-ಸ ಗುನುಗಿ, ದನಿ ಏರಿಸಬೇಡಿ.

ಸಾಲು ಮರೆತರೆ ಪಲ್ಲವಿಗೆ ಹಿಂತಿರುಗುತ್ತೇನೆ ಎಂದು ತಬಲಾದವರಿಗೆ ಮೊದಲೇ ಹೇಳಿಡಿ. ಅವರು ನುಡಿಸುತ್ತಲೇ ಇರುತ್ತಾರೆ, ನೀವು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಸೇರಿಕೊಂಡರಾಯಿತು.